ಅಮ್ಮ ಡೈರೆಕ್ಟರು, ಮಗ ಹೀರೋ!

ತ್ಯಾವರೆಕೊಪ್ಪ ಅಂದ ಕೂಡಲೇ ನಿಮಗೆ ನೆನಪಾಗೋದು ಏನು? ಹುಲಿ, ಸಿಂಹ! ಶಿವಮೊಗ್ಗದಿಂದ ಸಾಗರದ ರಸ್ತೆ ಹಿಡಿದು ಹತ್ತು ಕಿಲೋಮೀಟರ್ ಹೋದರೆ ಸಿಗುವ ಊರು. ಅಲ್ಲಿ 1988ರಲ್ಲಿ ಸಫಾರಿ ಶುರುವಾದ ಮೇಲೆ ಊರಿನ ಹೆಸರೇ ಹುಲಿ-ಸಿಂಹಕ್ಕೆ ಅಂಟಿಕೊಂಡುಬಿಟ್ಟಿದೆ. ಅಲ್ಲಿಗೂ ನಮ್ಮ ಸೌಟು-ಬಾಣಲೆಯ ಅಂಕಣಕ್ಕೂ ಏನು ಸಂಬಂಧ ಅಂತೀರಾ? ಇದೆ ಸ್ವಾಮಿ, ಇದೆ. ಈ ವಾರದ ಪತ್ರ ಬಂದಿರೋದೇ ಅಲ್ಲಿಂದ.

ಬರೆದವರು ಇಪ್ಪತ್ತಾರು ವರ್ಷದ ಯುವಕ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕೋದಿಲ್ಲ. ಮನೆಯಲ್ಲಿ ಮೂರೇ ಜನ. ಅಪ್ಪ, ಅಮ್ಮ, ಇವರು. ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದಿದೆ. ಪ್ಲಾಸ್ಟರ್ ಹಾಕಿದ್ದಾರೆ, ಆರು ವಾರ ಕೈ ಅಲ್ಲಾಡಿಸುವ ಹಾಗಿಲ್ಲ. ಅಪ್ಪನಾಗಲಿ ಮಗನಾಗಲಿ ಇದುವರೆಗೆ ಒಲೆ ಹಚ್ಚಿದವರಲ್ಲ. ಒಂಬತ್ತು ದಿನದಿಂದ ಹೋಟೆಲಿನ ಪಾರ್ಸೆಲ್ಲೇ ಗತಿ. ಗಂಡಸರಿಬ್ಬರು ಹೇಗೋ ತಿಂತಾರೆ. ಅಮ್ಮ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾರೆ. “ಸುಲಭದ ಸಸ್ಯಾಹಾರಿ ಅಡಿಗೆ ಎಲ್ಲಿಂದ ಶುರು ಮಾಡಲಿ?” ಅನ್ನೋದು ಪ್ರಶ್ನೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿದೆ. ಅಮ್ಮನನ್ನು ಕೇಳೋಕೆ ನಾಚಿಕೆಯಂತೆ!

ಮೊದಲು ಆ ನಾಚಿಕೆಯ ವಿಚಾರ ಮುಗಿಸೋಣ. ಆಮೇಲೆ ಅಕ್ಕಿ ತೊಳೆಯೋಣ.

ಹೀರೋಗೆ ಸೌಟು ಯಾಕಿಲ್ಲ?

ನಮ್ಮ ಸಿನಿಮಾದವರು ಅಡಿಗೆ ಭಟ್ಟನ ಪಾತ್ರ ಅಂದ್ರೆ ಹಾಸ್ಯನಟನಿಗೇ ಮೀಸಲು ಇಟ್ಟುಬಿಟ್ಟರು. ಹೆಗಲ ಮೇಲೊಂದು ಟವೆಲ್, ಕೈಯಲ್ಲೊಂದು ಸೌಟು, ಬಾಯಲ್ಲೊಂದು ಉಗ್ಗು, ಮುಗೀತು! ಹೀರೋ ಬಂದ್ರೆ ಊಟಕ್ಕೆ ಕೂರ್ತಾನೆ, ಬಡಿಸೋದು ತಾಯಿ. ಬಣ್ಣದ ಸಿನಿಮಾ ಬಂದರೂ ಆ ಸೀನು ಮಾತ್ರ ಬದಲಾಗಲಿಲ್ಲ. 2014ರಲ್ಲಿ ಪ್ರಕಾಶ್ ರೈ ತಾವೇ ನಿರ್ದೇಶಿಸಿ, ನಾಯಕನಾಗಿ ನಟಿಸಿದ ‘ಒಗ್ಗರಣೆ’ ಬಂದಾಗ ಊಟದ ಹುಚ್ಚೇ ಕಥೆಯಾಯಿತು. ಹೆಸರೇ ಒಗ್ಗರಣೆ! ಅಂಥ ಚಿತ್ರಗಳು ಬೆರಳೆಣಿಕೆ.

ಆದರೆ ಸಿನಿಮಾ ಹುಟ್ಟೋ ಮುಂಚೆ ಹೀಗಿರಲಿಲ್ಲ ಕಣ್ರೀ. ಮಹಾಭಾರತದ ಭೀಮ ಗದೆ ಬಚ್ಚಿಟ್ಟು ವಿರಾಟನ ಅಡಿಗೆಮನೆಗೆ ವಲಲನಾಗಿ ಹೋದ. ನಳ ಮಹಾರಾಜನ ಕೈರುಚಿಗೆ ‘ನಳಪಾಕ’ ಅನ್ನೋ ಹೆಸರೇ ನಿಂತಿತು. ಅದೂ ಬೇಡ, ಕನ್ನಡದ್ದೇ ತಗೊಳ್ಳಿ. ಎರಡನೇ ಚಾವುಂಡರಾಯ ಸುಮಾರು 1025ರಲ್ಲಿ ‘ಲೋಕೋಪಕಾರಂ’ ಬರೆದಾಗ ಬಾವಿ ತೋಡುವುದು, ಗಿಡ ಬೆಳೆಸುವುದರ ಜೊತೆಗೆ ಅಡಿಗೆಗೂ ಒಂದು ಅಧ್ಯಾಯ ಕೊಟ್ಟ. ಹದಿನಾರನೇ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಪ್ರಭು ಮೂರನೇ ಮಂಗರಸ ‘ಸೂಪಶಾಸ್ತ್ರ’ ಅಂತ ಪೂರಾ ಒಂದು ಪುಸ್ತಕವನ್ನೇ ಬರೆದ, ಅದೂ ಪದ್ಯದಲ್ಲಿ! ಎರಡರಲ್ಲೂ ಇರೋದು ಸಸ್ಯಾಹಾರವೇ. ಬರೆದವರು ಇಬ್ಬರೂ ಗಂಡಸರೇ. ಊರನ್ನೇ ಆಳುವವನು ಬದನೆಕಾಯಿಯ ಬಗ್ಗೆ ಪದ್ಯ ಕಟ್ಟಬಹುದಾದರೆ, ತ್ಯಾವರೆಕೊಪ್ಪದ ಮಿತ್ರರು ಬದನೆಕಾಯಿ ಹೆಚ್ಚೋಕೆ ನಾಚಬೇಕಾ?

ಇದು ಗಂಡು ಹುಡುಗರಿಗೆ ಮಾತ್ರ ಹೇಳಿದ್ದಲ್ಲ. ಹೆಣ್ಣುಮಕ್ಕಳು ಹುಟ್ಟುವಾಗಲೇ ಸಾರು ಮಾಡೋದು ಕಲಿತು ಬರ್ತಾರೆ ಅಂದುಕೊಂಡ ಮನೆಗಳು ಇನ್ನೂ ಇವೆ. ಯಾರೂ ಕಲಿತು ಬರೋದಿಲ್ಲ. ಒಬ್ಬರು ಹೇಳಿಕೊಡಬೇಕು, ಇನ್ನೊಬ್ಬರು ಎರಡು ಸಲ ಕೆಡಿಸಬೇಕು. ಆಗಲೇ ಅಡಿಗೆ ಬರೋದು.

2020ರ ಮಾರ್ಚ್ 25ಕ್ಕೆ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತಲ್ಲ, ನೆನಪಿದೆಯಾ? ಹೋಟೆಲಿನಲ್ಲಿ ಕೂತು ಉಣ್ಣೋದು ನಿಂತುಹೋಯ್ತು. ಜೇಬಲ್ಲಿ ದುಡ್ಡಿದ್ದು, ಅಂಗಡೀಲಿ ಅಕ್ಕಿ-ಬೇಳೆ ಇದ್ದು, ಬೇಯಿಸೋಕೆ ಬಾರದೆ ಬ್ರೆಡ್ಡು ಬಿಸ್ಕತ್ತಿನಲ್ಲಿ ದಿನ ತಳ್ಳಿದ ರೂಮಿನ ಹುಡುಗರು ಆಗ ಊರೂರಲ್ಲಿದ್ದರು. ಮನೆಯಲ್ಲಿ ಅಡಿಗೆ ಗೊತ್ತಿರೋದು ಒಬ್ಬರಿಗೇ ಆದರೆ, ಆ ಒಬ್ಬರ ಕೈ ಮುರಿದ ದಿನ ಮನೆಗೇ ಬೀಗ ಬಿದ್ದಂತೆ. ತ್ಯಾವರೆಕೊಪ್ಪದ ಮನೆಯಲ್ಲಿ ಈಗ ಆಗಿರೋದು ಅದೇ.

ಡೈರೆಕ್ಟರ್ ಕುರ್ಚಿ ಹಾಕಿ

ಮಿತ್ರರೇ, ಇವತ್ತೇ ಅಡಿಗೆಮನೆ ಬಾಗಿಲಲ್ಲಿ ಒಂದು ಕುರ್ಚಿ ಹಾಕಿ, ಅಮ್ಮನನ್ನು ಕೂರಿಸಿ. ಅವರ ಕೈಗೆ ತಾನೇ ಪ್ಲಾಸ್ಟರ್? ಕಣ್ಣು, ಮೂಗು, ಬಾಯಿ ಚೆನ್ನಾಗೇ ಇದೆಯಲ್ಲ! ಸಾಸಿವೆ ಸಿಡಿದದ್ದು ಕೇಳಿಸುತ್ತೆ, ಮೆಂತ್ಯ ಸೀದದ್ದು ಮೂಗಿಗೆ ಬಡಿಯುತ್ತೆ. ಇಂಥ ಡೈರೆಕ್ಟರು ದುಡ್ಡು ಕೊಟ್ಟರೂ ಸಿಗೋದಿಲ್ಲ.

ಒಂದು ನೋಟ್ ಪುಸ್ತಕ, ಪೆನ್ನು ಹತ್ತಿರ ಇಟ್ಕೊಳ್ಳಿ. ಅಮ್ಮಂದಿರು “ಒಂದು ಹಿಡಿ”, “ಸ್ವಲ್ಪ”, “ಕಣ್ಣಂದಾಜು” ಅಂತಾರೆ. ಅವರು ಎಡಗೈಯಲ್ಲಿ ತೋರಿಸಿದ ಹಿಡಿಯನ್ನು ನೀವು ಚಮಚದಲ್ಲಿ ಅಳೆದು ಬರೆದಿಡಿ. ನಿಮ್ಮ ಮನೆಯ ಸಾರಿನ ಪುಡಿಯ ಅಳತೆ ಯಾವ ಪತ್ರಿಕೆಯಲ್ಲೂ ಅಚ್ಚಾಗಿಲ್ಲ. ಅದು ಇರೋದು ಅಮ್ಮನ ಕೈಯಲ್ಲಿ. ಆ ಕೈ ಈಗ ಆರು ವಾರ ಬಿಡುವಾಗಿದೆ!

ಮೊದಲ ವಾರ: ಅನ್ನ, ತಂಬುಳಿ

ಹೊಸಬರು ಮಾಡೋ ಕೆಲಸ ಏನು ಗೊತ್ತಾ? ಮೊದಲ ದಿನವೇ ಪಲಾವು, ಕುರ್ಮ! ಹನ್ನೆರಡು ಸಾಮಾನು ತಂದು, ಮೂರು ಪಾತ್ರೆ ಸೀಯಿಸಿ, ಎರಡನೇ ದಿನ ಹೋಟೆಲಿಗೆ ಓಟ. ಮಲೆನಾಡಿನ ಮಣ್ಣಿನಲ್ಲಿದ್ದುಕೊಂಡು ಅದೆಲ್ಲ ಯಾಕೆ? ಕುದಿಸೋ ಗೋಜಿಲ್ಲದ, ಕೆಟ್ಟರೂ ಸರಿಪಡಿಸಬಹುದಾದ ಅಡಿಗೆ ನಮ್ಮಲ್ಲೇ ಇದೆ. ಅದೇ ತಂಬುಳಿ. ತಣ್ಣನೆಯ ಹುಳಿ ಅಂತಲೇ ಆ ಹೆಸರು.

ಮೊದಲು ಅನ್ನ. ಮೂರು ಜನಕ್ಕೆ ಒಂದೂವರೆ ಲೋಟ ಸೋನಾ ಮಸೂರಿ ಅಕ್ಕಿ. ಎರಡು ಸಲ ತೊಳೆದು, ಇಪ್ಪತ್ತು ನಿಮಿಷ ನೆನೆಹಾಕಿ. ಒಂದಕ್ಕೆ ಎರಡೂಕಾಲರ ಲೆಕ್ಕದಲ್ಲಿ ನೀರು. ಅಮ್ಮನಿಗೆ ಮೆತ್ತಗೆ ಬೇಕಾದರೆ ಎರಡೂವರೆ. ಐದು ಲೀಟರಿನ ಕುಕ್ಕರ್ ಸಾಕು. ತಳಕ್ಕೆ ಒಂದು ಲೋಟ ನೀರು ಹಾಕಿ, ಒಳಪಾತ್ರೆಯಲ್ಲಿ ಅಕ್ಕಿ ಇಟ್ಟು, ಮುಚ್ಚುವ ಮುಂಚೆ ಮುಚ್ಚಳದ ಆವಿ ಹೋಗುವ ತೂತನ್ನು ಬೆಳಕಿಗೆ ಹಿಡಿದು ನೋಡಿ. ಅನ್ನದ ಅಗುಳು ಕಟ್ಟಿಕೊಂಡಿದ್ದರೆ ಅಪಾಯ. ಮೂರು ಸೀಟಿ ಆದಮೇಲೆ ಒಲೆ ಆರಿಸಿ, ಆವಿ ತಾನಾಗಿ ಇಳಿಯೋ ತನಕ ಮುಚ್ಚಳ ಮುಟ್ಟಬೇಡಿ. ಅವಸರ ಮಾಡಿ ವೆಯಿಟ್ ಎತ್ತಿದರೆ ಆಮೇಲೆ ಮನೆಯಲ್ಲಿ ಎರಡು ಪ್ಲಾಸ್ಟರ್!

ಈಗ ತಂಬುಳಿ. ಹಿತ್ತಲಲ್ಲಿ ದೊಡ್ಡಪತ್ರೆ ಇರಬೇಕಲ್ಲ? ಇಲ್ಲದಿದ್ದರೆ ಪಕ್ಕದ ಮನೆಯಿಂದ ಒಂದು ಕಡ್ಡಿ ತಂದು ಕುಂಡದಲ್ಲಿ ಚುಚ್ಚಿ, ತಾನಾಗಿ ಬರುತ್ತೆ. ಒಂದು ಚಮಚ ತುಪ್ಪದಲ್ಲಿ ಒಂದು ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿದು, ಹತ್ತು ದೊಡ್ಡಪತ್ರೆ ಎಲೆ ಹಾಕಿ ಬಾಡಿಸಿ. ಅರ್ಧ ಬಟ್ಟಲು ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ. ಅದಕ್ಕೆ ಎರಡು ಲೋಟ ಮಜ್ಜಿಗೆ, ಉಪ್ಪು. ಮೇಲೊಂದು ಒಗ್ಗರಣೆ. ಅಷ್ಟೇ! ಕುದಿಸಬೇಡಿ, ಕುದಿಸಿದರೆ ಮಜ್ಜಿಗೆ ಒಡೆಯುತ್ತೆ.

ಒಂದು ಕಲಿತರೆ ಹತ್ತು ಬಂದ ಹಾಗೆ. ದೊಡ್ಡಪತ್ರೆ ಬದಲು ಒಂದೆಲಗ ಹಾಕಿದರೆ ಒಂದೆಲಗದ ತಂಬುಳಿ. ಅದನ್ನು ಹುರಿಯೋದೂ ಬೇಡ, ಹಸಿಯಾಗೇ ರುಬ್ಬಬಹುದು. ಶುಂಠಿ, ಮೆಂತ್ಯ, ನೆಲ್ಲಿಕಾಯಿ, ದಾಳಿಂಬೆ ಸಿಪ್ಪೆ ಎಲ್ಲಕ್ಕೂ ಇದೇ ದಾರಿ. ನೀರಾಯಿತಾ? ತೆಂಗಿನತುರಿ ಹೆಚ್ಚಿಸಿ. ಗಟ್ಟಿಯಾಯಿತಾ? ಮಜ್ಜಿಗೆ. ಇಷ್ಟು ಕ್ಷಮಿಸೋ ಗುಣ ಬೇರೆ ಯಾವ ಅಡಿಗೆಗೂ ಇಲ್ಲ.

ಎರಡನೇ ವಾರ: ಒಗ್ಗರಣೆ, ಬೇಳೆ ಸಾರು

ಒಗ್ಗರಣೆಗೂ ಸಿನಿಮಾದ ಹಾಗೆ ಸೀನಿನ ಕ್ರಮ ಇದೆ. ಯಾರು ಮೊದಲು, ಯಾರು ಕೊನೆಗೆ ಅಂತ. ಎಣ್ಣೆ ಚೆನ್ನಾಗಿ ಕಾಯಲಿ. ಮೊದಲು ಸಾಸಿವೆ. ಸಾಸಿವೆ ಸಿಡಿಯೋದು ಅದರೊಳಗಿನ ನೀರಿನಂಶ ಆವಿಯಾಗಿ ಹೊರಗೆ ನುಗ್ಗೋದರಿಂದ. ಎಣ್ಣೆ ಕಾಯದಿದ್ದರೆ ಅದು ಸಿಡಿಯೋದೇ ಇಲ್ಲ, ಕಹಿ ಉಳಿಯುತ್ತೆ. ಅದು ಸಿಡಿದ ಮೇಲೆ ಉದ್ದಿನಬೇಳೆ, ಅದು ಕೆಂಪಗಾಗುವಾಗ ಒಣಮೆಣಸಿನಕಾಯಿ, ಕೊನೆಗೆ ಇಂಗು, ಕರಿಬೇವು. ಕರಿಬೇವಿನಲ್ಲಿ ನೀರಿದ್ದರೆ ಮುಖಕ್ಕೇ ಸಿಡಿಯುತ್ತೆ, ಒರೆಸಿ ಹಾಕಿ. ಒಗ್ಗರಣೆ ಕಪ್ಪಗಾಯಿತೋ, ಚೆಲ್ಲಿಬಿಡಿ. ಒಂದು ಚಮಚ ಎಣ್ಣೆಯ ಆಸೆಗೆ ಒಂದು ಪಾತ್ರೆ ಸಾರು ಕೆಡಿಸಬೇಡಿ.

ಸಾರಿಗೆ ಅರ್ಧ ಲೋಟ ತೊಗರಿಬೇಳೆ. ಅರ್ಧ ಗಂಟೆ ನೆನೆಹಾಕಿ, ಒಂದೂವರೆ ಲೋಟ ನೀರು, ಚಿಟಿಕೆ ಅರಿಸಿನ, ಎರಡು ತೊಟ್ಟು ಎಣ್ಣೆ ಹಾಕಿ ಕುಕ್ಕರಿನಲ್ಲಿ ಕೆಳಗಿಡಿ. ಮೇಲೆ ಅಕ್ಕಿಯ ಪಾತ್ರೆ. ಆ ದಿನ ಮೂರರ ಬದಲು ನಾಲ್ಕು ಸೀಟಿ. ಒಂದೇ ಒಲೆಯಲ್ಲಿ ಎರಡು ಕೆಲಸ! ಹುಳಿಯನ್ನು ಮಾತ್ರ ಬೇಳೆ ಜೊತೆ ಬೇಯಿಸಬೇಡಿ. ಹುಣಸೆಹಣ್ಣು, ಟೊಮೇಟೊ ಮೊದಲೇ ಬಿದ್ದರೆ ಬೇಳೆ ಬೇಗ ಮೆತ್ತಗಾಗೋದಿಲ್ಲ. ಹೊಸಬರು ಬೇಳೆ ಸರಿಯಿಲ್ಲ ಅಂತ ಅಂಗಡಿಯವನನ್ನು ಬೈಯೋದು ಇದರಿಂದಲೇ.

ಬೇಳೆ ಬೆಂದ ಮೇಲೆ ಕಡೆದುಕೊಳ್ಳಿ. ಬೇರೆ ಪಾತ್ರೆಯಲ್ಲಿ ಎರಡು ಟೊಮೇಟೊ, ಅಡಿಕೆ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು, ಎರಡು ಚಮಚ ಸಾರಿನ ಪುಡಿ, ಚೂರು ಬೆಲ್ಲ. ಹಸಿವಾಸನೆ ಹೋಗೋ ತನಕ ಕುದಿಸಿ, ಬೇಳೆ ಸೇರಿಸಿ, ಎರಡು ಲೋಟ ನೀರು ಬೆರೆಸಿ ಇನ್ನೈದು ನಿಮಿಷ. ತುಪ್ಪದಲ್ಲಿ ಸಾಸಿವೆ-ಇಂಗಿನ ಒಗ್ಗರಣೆ, ಮೇಲೆ ಕೊತ್ತಂಬರಿ ಸೊಪ್ಪು. ಬೀದಿಯವರೆಗೆ ಘಮ ಹೋಗಬೇಕು!

ಸಾರಿನ ಪುಡಿ ಅಮ್ಮ ಮಾಡಿಟ್ಟದ್ದು ಡಬ್ಬಿಯಲ್ಲಿ ಇದ್ದೇ ಇರುತ್ತೆ. ಅದು ಮುಗಿಯೋ ಮುಂಚೆ ಅವರನ್ನೇ ಕೇಳಿ ಅಳತೆ ಬರೆದಿಡಿ. ಡಬ್ಬಿ ಖಾಲಿಯಿರುವ ರೂಮಿನ ಮಿತ್ರರಿಗೆ ಒಂದು ಸಾಧಾರಣ ಅಳತೆ: ಒಂದು ಲೋಟ ಧನಿಯಾ, ಇಪ್ಪತ್ತು ಬ್ಯಾಡಗಿ ಮೆಣಸಿನಕಾಯಿ, ಎರಡು ದೊಡ್ಡ ಚಮಚ ಜೀರಿಗೆ, ಒಂದು ದೊಡ್ಡ ಚಮಚ ಕಾಳುಮೆಣಸು, ಒಂದೊಂದು ಸಣ್ಣ ಚಮಚ ಮೆಂತ್ಯ ಮತ್ತು ಸಾಸಿವೆ, ಒಂದು ಹಿಡಿ ಕರಿಬೇವು, ಚೂರು ಇಂಗು. ಎಲ್ಲವನ್ನೂ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಒಟ್ಟಿಗೆ ಸುರಿದರೆ ಧನಿಯಾ ಬಿಸಿಯಾಗೋ ಹೊತ್ತಿಗೆ ಮೆಂತ್ಯ ಸೀದಿರುತ್ತೆ. ಬ್ಯಾಡಗಿ ಬಣ್ಣಕ್ಕೆ ಜಾಸ್ತಿ, ಖಾರಕ್ಕೆ ಕಮ್ಮಿ. ಹೆದರಬೇಡಿ.

ಮೂರನೇ ವಾರ: ಪಲ್ಯ, ಕೋಸಂಬರಿ

ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಾಗ ಮೂರೇ ತರಕಾರಿ ತನ್ನಿ. ಬೀನ್ಸು, ಸೌತೆಕಾಯಿ, ಒಂದು ಕಟ್ಟು ಸೊಪ್ಪು. ಚೀಲ ತುಂಬಾ ತಂದರೆ ಅರ್ಧ ಕೊಳೆಯುತ್ತೆ. ಕಾಲು ಕೆಜಿ ಬೀನ್ಸ್ ಸಣ್ಣಗೆ ಹೆಚ್ಚಿ, ಈಗಾಗಲೇ ಕಲಿತ ಒಗ್ಗರಣೆಗೆ ಹಾಕಿ, ಅರ್ಧ ಲೋಟ ನೀರು, ಉಪ್ಪು, ಮುಚ್ಚಳ. ಹತ್ತು-ಹನ್ನೆರಡು ನಿಮಿಷದಲ್ಲಿ ಬೆಂದಿರುತ್ತೆ. ತೆಂಗಿನತುರಿ ಹಾಕಿ ಇಳಿಸಿ. ಎಲೆಕೋಸು, ಬೀಟ್ರೂಟು, ಕ್ಯಾರೆಟ್ಟು ಎಲ್ಲಕ್ಕೂ ಇದೇ ದಾರಿ, ಬೇಯೋ ಹೊತ್ತು ಮಾತ್ರ ಬೇರೆ. ಸೊಪ್ಪಿಗೆ ನೀರೇ ಬೇಡ, ಅದರ ನೀರೇ ಸಾಕು. ಇಳಿಸಿದ ಮೇಲೆ ಅರ್ಧ ಹೋಳು ನಿಂಬೆರಸ ಹಿಂಡಿ. ರುಚಿಗೆ ಮಾತ್ರ ಅಲ್ಲ, ಸೊಪ್ಪಿನ ಕಬ್ಬಿಣದಂಶ ಮೈಗೆ ಹತ್ತೋಕೂ ನಿಂಬೆ ಬೇಕು.

ಕೋಸಂಬರಿಗೆ ಕಾಲು ಲೋಟ ಹೆಸರುಬೇಳೆ ಒಂದು ಗಂಟೆ ನೆನೆದರೆ ಸಾಕು. ನೀರು ಬಸಿದು ಸೌತೆಕಾಯಿ, ತೆಂಗಿನತುರಿ, ನಿಂಬೆರಸ, ಒಗ್ಗರಣೆ. ಉಪ್ಪು ಮಾತ್ರ ತಟ್ಟೆಗೆ ಹಾಕೋ ಕ್ಷಣದಲ್ಲಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಎಲ್ಲಾ ಕೆರೆಯಾಗುತ್ತೆ.

ಮುರಿದ ಮೂಳೆಗೆ ಏನು ಹಾಕಬೇಕು?

ಔಷಧಿ ಡಾಕ್ಟರು ಕೊಡ್ತಾರೆ, ಅದರಲ್ಲಿ ನಾವು ಕೈ ಹಾಕೋದಿಲ್ಲ. ಆದರೆ ಮೂಳೆ ಕೂಡೋಕೆ ತಟ್ಟೆಯೂ ಸಹಾಯ ಮಾಡಬೇಕು. ಸುಣ್ಣದಂಶ ಬೇಕು, ಪ್ರೊಟೀನು ಬೇಕು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶ ಇದೆ, ಅಕ್ಕಿ ಅದರ ಹತ್ತಿರಕ್ಕೂ ಬರೋದಿಲ್ಲ. ಬೆಳಿಗ್ಗೆ ಅಮ್ಮನಿಗೆ ರಾಗಿ ಅಂಬಲಿ ಕೊಡಿ. ಎರಡು ದೊಡ್ಡ ಚಮಚ ರಾಗಿಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಒಂದೂವರೆ ಲೋಟ ಕುದಿಯೋ ನೀರಿಗೆ ಹಾಕಿ ಆರು ನಿಮಿಷ ಕೈಬಿಡದೆ ತಿರುಗಿಸಿ. ಆರಿದ ಮೇಲೆ ಮಜ್ಜಿಗೆ, ಉಪ್ಪು ಸೇರಿಸಿ. ಎಡಗೈಯಲ್ಲಿ ಲೋಟ ಹಿಡಿದು ಅವರೇ ಕುಡೀಬಹುದು, ಯಾರೂ ತುತ್ತು ಕೊಡಬೇಕಾಗಿಲ್ಲ. ಆ ಸ್ವಾತಂತ್ರ್ಯವೂ ಅವರಿಗೆ ಬೇಕು ಅನ್ನೋದು ಮರೀಬೇಡಿ.

ಮಧ್ಯಾಹ್ನ ಅನ್ನ-ಬೇಳೆ ಸಾರು ಜೊತೆಯಾದರೆ ಅಕ್ಕಿಯಲ್ಲಿ ಕಮ್ಮಿಯಿರೋದನ್ನು ಬೇಳೆ ತುಂಬುತ್ತೆ, ಬೇಳೆಯಲ್ಲಿ ಕಮ್ಮಿಯಿರೋದನ್ನು ಅಕ್ಕಿ. ನುಗ್ಗೆಸೊಪ್ಪು, ಎಳ್ಳು, ಮೊಸರು ಇವೆಲ್ಲ ಮೂಳೆಯ ಸ್ನೇಹಿತರೇ. ಉಪ್ಪು ಮಾತ್ರ ಕೈ ಹಿಡಿದು ಹಾಕಿ. ಒಬ್ಬರಿಗೆ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಕೆಟ್ಟರೆ ಏನ್ಮಾಡೋದು?

ಕೆಡುತ್ತೆ! ಹೀರೋಗೂ ರೀಟೇಕ್ ಇರುತ್ತೆ. ಅನ್ನ ಮುದ್ದೆಯಾಯಿತಾ? ಹಾಲು-ಮೊಸರು ಕಲಸಿ ಮೊಸರನ್ನ ಮಾಡಿ. ಯಾರೂ ಕೇಳೋದಿಲ್ಲ. ಅಗುಳು ಗಟ್ಟಿ ಉಳಿಯಿತಾ? ಬಿಸಿನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ. ಸಾರಿಗೆ ಉಪ್ಪು ಜಾಸ್ತಿಯಾದರೆ ಬೆಂದ ಬೇಳೆ, ನೀರು ಹೆಚ್ಚಿಸಿ. ಹುಳಿ ಜಾಸ್ತಿಯಾದರೆ ಬೆಲ್ಲ. ಪಲ್ಯದ ತಳ ಹತ್ತಿದರೆ ಕೆರೆಯಬೇಡಿ, ಮೇಲಿನದನ್ನು ಮಾತ್ರ ಬೇರೆ ಪಾತ್ರೆಗೆ ತೆಗೀರಿ.

ಮಿಕ್ಕ ಅನ್ನವನ್ನು ಗಂಟೆಗಟ್ಟಲೆ ಹೊರಗೆ ಬಿಟ್ಟು ಮತ್ತೆ ಬಿಸಿಮಾಡಿ ಉಣ್ಣಬೇಡಿ. ಬೇಯಿಸಿದರೂ ಸಾಯದ ಒಂದು ಜಾತಿಯ ಸೂಕ್ಷ್ಮಾಣು ಅನ್ನದಲ್ಲಿ ಉಳಿದಿರುತ್ತೆ. ಬೆಚ್ಚಗಿನ ಅನ್ನದಲ್ಲಿ ಅದು ಬೆಳೆದರೆ ವಾಂತಿ-ಭೇದಿ. ಫ್ರಿಜ್ ಇದ್ದರೆ ಆರಿದ ಕೂಡಲೇ ಒಳಗಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡಿ. ಇಲ್ಲದಿದ್ದರೆ ಆ ಹೊತ್ತಿಗೆ ಬೇಕಾದಷ್ಟೇ ಮಾಡಿ.

ಅಪ್ಪನಿಗೂ ಒಂದು ಪಾತ್ರ

ಪತ್ರದಲ್ಲಿ ಅಪ್ಪನ ಬಗ್ಗೆ ಒಂದೇ ಸಾಲಿದೆ. “ಅವರಿಗೆ ಏನೂ ಬರಲ್ಲ” ಅಂತ. ಬರಲ್ಲ ಅಂತ ಕೂರಿಸಬೇಡಿ. ತೆಂಗಿನಕಾಯಿ ತುರಿಯೋಕೆ ಏನು ಪದವಿ ಬೇಕು? ಸೊಪ್ಪು ಸೋಸೋದು, ಬೀನ್ಸಿನ ನಾರು ತೆಗೆಯೋದು, ಪಾತ್ರೆ ತೊಳೆಯೋದು ಅವರಿಗೆ ಬಿಡಿ. ನಮ್ಮ ಜಿಲ್ಲೆಯ ಗಂಡಸರಿಗೆ ಕೆಲಸ ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಬೆಂಕಿಯ ಮುಂದೆ ಪಾಳಿಯ ಮೇಲೆ ಪಾಳಿ ದುಡಿದವರು ಎಷ್ಟು ಜನ! ನಮ್ಮ ದೊಡ್ಡಣ್ಣನವರೇ ಬಣ್ಣ ಹಚ್ಚೋ ಮುಂಚೆ ಅಲ್ಲಿ ಕೆಲಸದಲ್ಲಿದ್ದವರು. ಕಬ್ಬಿಣ ಕರಗಿಸೋ ಜಿಲ್ಲೆಯ ಗಂಡಸರಿಗೆ ಒಂದು ಗ್ಯಾಸ್ ಒಲೆ ದೊಡ್ಡದಾ?

ಆರನೇ ವಾರ ಪ್ಲಾಸ್ಟರ್ ಬಿಚ್ಚುತ್ತಾರೆ. ಆ ಸಂಜೆಯೇ ಸೌಟನ್ನು ಅಮ್ಮನ ಕೈಗೆ ಕೊಟ್ಟು “ಅಬ್ಬಾ ಬಚಾವಾದೆ” ಅಂತ ಸಿನಿಮಾಕ್ಕೆ ಓಡಬೇಡಿ. ಮೂಳೆ ಕೂಡಿದರೂ ಕೈಗೆ ಮೊದಲಿನ ಬಲ ಬರೋಕೆ ಇನ್ನೂ ಕೆಲವು ವಾರ ಬೇಕು. ತುಂಬಿದ ಕುಕ್ಕರ್ ಎತ್ತೋದು, ತೆಂಗಿನಕಾಯಿ ಒಡೆಯೋದು ನಿಮ್ಮ ಕೆಲಸವಾಗೇ ಇರಲಿ. ವಾರಕ್ಕೆ ಎರಡು ದಿನ ಅಡಿಗೆಯೂ ನಿಮ್ಮದೇ ಅಂತ ಗೊತ್ತುಮಾಡಿಕೊಳ್ಳಿ. ನಮ್ಮ ಮೃಗಾಲಯಗಳಲ್ಲಿ ಹುಲಿ-ಸಿಂಹಕ್ಕೂ ವಾರಕ್ಕೊಂದು ದಿನ ಊಟಕ್ಕೆ ರಜೆ ಕೊಡೋ ಪದ್ಧತಿ ಇದೆ. ಅಮ್ಮನಿಗೆ ಒಲೆಯಿಂದ ಎರಡು ದಿನ ರಜೆ ಹೆಚ್ಚೇನಲ್ಲ.

ಮಿತ್ರರೇ, ಮೊದಲ ತಂಬುಳಿ ಹೇಗಾಯಿತು, ಅಮ್ಮ ಎಷ್ಟು ತುತ್ತು ಉಂಡರು ಅಂತ ಒಂದು ಕಾರ್ಡು ಬರೆದು ಹಾಕಿ. ಉಳಿದ ಓದುಗರೂ ಅಷ್ಟೆ, ನಿಮ್ಮ ಮನೆಯ ಸಾರಿನ ಪುಡಿಯ ಅಳತೆ ಕೇಳಿ ಬರೆದಿಟ್ಟುಕೊಂಡಿದ್ದರೆ ನಮಗೂ ತಿಳಿಸಿ.

ಮುಂದಿನ ವಾರ: ಅಕ್ಕಿ ರೊಟ್ಟಿ. ತಟ್ಟುವಾಗ ಹರಿಯದ ಹಾಗೆ ಹಿಟ್ಟು ಕಲಸೋದು ಹೇಗೆ?